ಅಕ್ಕ ಜಪಾನಿನಲ್ಲಿ ಮೇಷ್ಟ್ರು, ಪಾಠ ಮಾತ್ರ ನನಗೆ!

ಸಂಜೆ ನಾಲ್ಕೂವರೆಗೆ ಲ್ಯಾಬ್ ಮುಗಿಸಿ ಹಾಸ್ಟೆಲ್ ಕಡೆ ಹೊರಟರೆ ವಾರಕ್ಕೆರಡು ಸಲವಾದರೂ ಅಕ್ಕನ ವಿಡಿಯೊ ಕಾಲ್ ಬರುತ್ತದೆ. ಅಕ್ಕ ಎಂದರೆ ದೊಡ್ಡಮ್ಮನ ಮಗಳು. ಜಪಾನಿನ ಒಂದು ಸಣ್ಣ ಊರಿನ ಶಾಲೆಯಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕಿ. ಅಲ್ಲಿ ಆಗ ರಾತ್ರಿ ಎಂಟು ಗಂಟೆ. ಸಾರಿಗೆ ಒಗ್ಗರಣೆ ಹಾಕುತ್ತಲೇ ದಿನದ ಕಥೆ ಶುರು ಮಾಡುತ್ತಾಳೆ.

ಶಾಲೆಯ ಬಾಗಿಲಲ್ಲೇ ಶೂ ಬಿಚ್ಚಿ, ಒಳಗೆ ಹಾಕುವ ಬೇರೆ ಶೂ ತೊಡಬೇಕು. ಮೇಷ್ಟ್ರುಗಳೆಲ್ಲ ಒಂದೇ ದೊಡ್ಡ ಕೋಣೆಯಲ್ಲಿ ಎದುರುಬದುರು ಕೂರುತ್ತಾರೆ. ಬೆಳಿಗ್ಗೆ ಒಂದು ಪುಟ್ಟ ಸಭೆ. ತರಗತಿಯಲ್ಲಿ ಮಕ್ಕಳು ಎದ್ದು ತಲೆಬಾಗಿ ವಂದಿಸಿದ ಮೇಲೆ ಪಾಠ. ಜಪಾನಿ ಶಿಕ್ಷಕರು ವ್ಯಾಕರಣ ವಿವರಿಸಿದರೆ, ಅಕ್ಕನದು ಓದಿ ತೋರಿಸುವ, ಆಟ ಆಡಿಸುವ, ಮಾತಾಡಿಸುವ ಕೆಲಸ. 2020ರಿಂದ ಅಲ್ಲಿ ಐದು, ಆರನೇ ತರಗತಿಗೂ ಇಂಗ್ಲಿಷ್ ಕಡ್ಡಾಯ ವಿಷಯ.

ಮಧ್ಯಾಹ್ನ ಮಕ್ಕಳೇ ಬಿಳಿ ಟೋಪಿ, ಏಪ್ರನ್ ತೊಟ್ಟು ಊಟ ಬಡಿಸುತ್ತಾರೆ. ಸಾರಿನಲ್ಲೂ ಮೀನಿನ ರಸ ಇರುವುದರಿಂದ ಸಸ್ಯಾಹಾರಿ ಅಕ್ಕನದು ಸ್ವಂತ ಡಬ್ಬಿ. ಆಮೇಲೆ ಇಡೀ ಶಾಲೆ ಪೊರಕೆ, ಒರೆಸುವ ಬಟ್ಟೆ ಹಿಡಿದು ನಿಲ್ಲುತ್ತದೆ. ಮೇಷ್ಟ್ರುಗಳೂ ಹೊರತಲ್ಲ.

‘ಮೊದಲ ದಿನ ಪೊರಕೆ ಹಿಡಿಯೋಕೂ ಬರಲಿಲ್ಲ ಕಣೋ’ ಎಂದು ನಕ್ಕಳು. ಅವಳು ಓದಿದ ಕಾನ್ವೆಂಟಿನಲ್ಲಿ ಆಯಾ ಇದ್ದರು. ನಾನು ಓದಿದ್ದು ಊರಿನ ಸರ್ಕಾರಿ ಶಾಲೆಯಲ್ಲಿ. ಪಾಳಿ ಹಾಕಿಕೊಂಡು ಕಸ ಗುಡಿಸಿ, ಗಿಡಗಳಿಗೆ ನೀರು ಹಾಕಿದವರು ನಾವು. ಕಾಲೇಜಿನಲ್ಲಿ ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿಕೊಳ್ಳಲು ನಾಚಿಕೆ!

ನಾಚಿಕೆ ಅದೊಂದೇ ಅಲ್ಲ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಈಗ ಮೂರನೇ ವರ್ಷದ ಬಿಇ. ಕಳೆದ ತಿಂಗಳು ಅಣಕು ಸಂದರ್ಶನದಲ್ಲಿ ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಎಂದಾಗ ಹೆಸರು ಹೇಳಿದ್ದಷ್ಟೇ, ಮುಂದೆ ನಾಲಿಗೆ ಏಳಲಿಲ್ಲ. ಕೋಡಿಂಗ್‌ನಲ್ಲಿ ನನಗಿಂತ ಹಿಂದಿದ್ದವರೆಲ್ಲ ಅಂದು ನನ್ನ ಮುಂದೆ ಹೋದರು. ಅಪ್ಪ ಸಾಲ ಮಾಡಿ ಫೀಸು ಕಟ್ಟಿದ್ದಾರೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಅಕ್ಕನಿಗೆ ಹೇಳಿದೆ. ಬುದ್ಧಿ ಹೇಳುತ್ತಾಳೆ ಅಂದುಕೊಂಡರೆ ಅವಳ ತರಗತಿಯ ಕಥೆ ಹೇಳಿದಳು. ಅಲ್ಲಿನ ಮಕ್ಕಳು ಪರೀಕ್ಷೆಯಲ್ಲಿ ಚೆನ್ನಾಗಿ ಬರೆಯುತ್ತಾರೆ, ಬಾಯಿ ಮಾತ್ರ ಬಿಡುವುದಿಲ್ಲ. ತಪ್ಪಾದರೆ ಎಲ್ಲರೆದುರು ಅವಮಾನ ಎಂಬ ಭಯ. ಎರಡು ತಿಂಗಳು ಏನು ಮಾಡಿದರೂ ಮೌನ. ಒಂದು ದಿನ ಹುಡುಗಿಯೊಬ್ಬಳು ಬೆಕ್ಕಿನ ಚಿತ್ರ ತೋರಿಸಿದಳು. ‘ಮುದ್ದಾಗಿದೆ’ ಎನ್ನಲು ‘ಕವಾಯಿ’ ಅನ್ನಬೇಕಿತ್ತು. ಅಕ್ಕ ‘ಕೊವಾಯ್’ ಅಂದುಬಿಟ್ಟಳು. ಅಂದರೆ ‘ಹೆದರಿಕೆ ಆಗುತ್ತೆ’! ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಹಿಂದಿನ ಬೆಂಚಿನ ಮೌನಿ ಹುಡುಗನೊಬ್ಬ ಎದ್ದು ನಿಂತು, ‘ನೋ ಸ್ಕೇರಿ. ಕ್ಯೂಟ್!’ ಎಂದು ತಿದ್ದಿದ. ಅದು ಅವನು ಅವಳೊಂದಿಗೆ ಆಡಿದ ಮೊದಲ ಇಂಗ್ಲಿಷ್.

‘ಟೀಚರೇ ತಪ್ಪು ಮಾಡ್ತಾಳೆ ಅಂತ ಗೊತ್ತಾದ ಮೇಲೆ ಅವರಿಗೆ ಧೈರ್ಯ ಬಂತು. ಈಗ ನಾನು ಅವರ ಮುಂದೆ ಜಪಾನಿ ಮಾತಾಡೋಕೆ ನಾಚೋದಿಲ್ಲ’ ಅಂದಳು. ಅಂಗಡಿ, ಬ್ಯಾಂಕು, ಸ್ಟಾಫ್ ರೂಂ ಎಲ್ಲ ಕಡೆ ದಿನವೂ ತಪ್ಪು ಮಾಡುತ್ತಲೇ ಅವಳು ಅಲ್ಲಿ ಬದುಕುತ್ತಿದ್ದಾಳೆ. ಕಾನ್ವೆಂಟಿನಲ್ಲಿ ಓದಿದ ನನ್ನ ಅಕ್ಕ!

ಅಲ್ಲಿಗೆ ಹೋಗಬೇಕೆನ್ನುವವರಿಗೆ ಒಂದು ಮಾಹಿತಿ: ಜಪಾನ್ ಸರ್ಕಾರದ ‘ಜೆಟ್’ ಯೋಜನೆ 1987ರಲ್ಲಿ ಶುರುವಾದದ್ದು. ಪದವಿ, ಒಳ್ಳೆಯ ಇಂಗ್ಲಿಷ್ ಬೇಕು. ಒಪ್ಪಂದ ಒಂದು ವರ್ಷದ್ದು, ಐದು ವರ್ಷದವರೆಗೆ ಮುಂದುವರಿಸಬಹುದು. ಅಕ್ಕನಂತೆ ಖಾಸಗಿ ಸಂಸ್ಥೆಗಳ ಮೂಲಕ ಹೋಗುವವರೂ ಇದ್ದಾರೆ.

ಮೊನ್ನೆ ಮತ್ತೆ ಅಣಕು ಸಂದರ್ಶನ ಇತ್ತು. ಸರ್ಕಾರಿ ಶಾಲೆಯಲ್ಲಿ ಓದಿದ್ದು, ಕಸ ಗುಡಿಸಿದ್ದು ಎಲ್ಲವನ್ನೂ ಹೇಳಿದೆ. ಒಂದೆಡೆ ‘ಐ ಆ್ಯಮ್ ಬಿಲಾಂಗ್ಸ್ ಟು’ ಅಂದುಬಿಟ್ಟೆ. ಹಿಂದೆ ಯಾರೋ ಕಿಸಕ್ಕೆಂದರು. ನಿಲ್ಲಿಸಲಿಲ್ಲ, ಪೂರ್ತಿ ಎರಡು ನಿಮಿಷ ಮಾತಾಡಿದೆ. ಆಯ್ಕೆಯಾಗುವಷ್ಟು ಅಂಕ ಈ ಸಲವೂ ಬರಲಿಲ್ಲ. ಆದರೆ ಸಂಜೆ ಅಕ್ಕನ ಕರೆಗೆ ನಾನು ಕಾಯಲಿಲ್ಲ, ನಾನೇ ಮಾಡಿದೆ.