ರೆಕ್ಕೆಯ ಲೆಕ್ಕ ಇಟ್ಟವರು ಯಾರು?

2002ರ ಜೂನ್ 17. ಕ್ಯಾಲಿಫೋರ್ನಿಯಾದ ವಾಕರ್ ಎಂಬ ಪುಟ್ಟ ಊರಿನ ಬಳಿ ಕಾಡು ಹೊತ್ತಿ ಉರಿಯುತ್ತಿತ್ತು. ನಾಲ್ಕು ಎಂಜಿನ್‌ಗಳ ಸಿ-130ಎ ವಿಮಾನವೊಂದು ತಗ್ಗಿನಲ್ಲಿ ಹಾರಿಬಂದು ಬೆಂಕಿಯ ಅಂಚಿಗೆ ಕೆಂಪು ಅಗ್ನಿನಿರೋಧಕ ದ್ರವ ಸುರಿಯಿತು. ಸುರಿದು ಮೂಗೆತ್ತಿ ಮೇಲೇಳುವಷ್ಟರಲ್ಲಿ ಅದರ ರೆಕ್ಕೆಗಳು ಮೇಲಕ್ಕೆ ಮಡಚಿಕೊಂಡು ಮುರಿದವು. ಒಳಗಿದ್ದ ಮೂವರೂ ಸತ್ತರು. ಕೆಳಗೆ ನಿಂತು ಚಿತ್ರೀಕರಿಸುತ್ತಿದ್ದವರ ವಿಡಿಯೊದಲ್ಲಿ ಅದೆಲ್ಲ ದಾಖಲಾಯಿತು. ತಿಂಗಳು ಕಳೆದು ಜುಲೈ 18ರಂದು ಕೊಲೊರಾಡೊದ ಎಸ್ಟೆಸ್ ಪಾರ್ಕ್ ಹತ್ತಿರ ಬೆಂಕಿಗೆ ದ್ರವ ಸುರಿಯುವ ಇಂಥ ಇನ್ನೊಂದು ವಿಮಾನ (ಏರ್‌ಟ್ಯಾಂಕರ್), ಪಿಬಿ4ವೈ-2 ಪ್ರೈವೇಟೀರ್, ಎಡ ರೆಕ್ಕೆ ಕಳಚಿ ಬಿತ್ತು. ಅದರಲ್ಲಿದ್ದ ಇಬ್ಬರೂ ಉಳಿಯಲಿಲ್ಲ. ಮೊದಲನೆಯ ವಿಮಾನ ತಯಾರಾದದ್ದು 1957ರಲ್ಲಿ, ಎರಡನೆಯದು ಎರಡನೇ ಮಹಾಯುದ್ಧ ಮುಗಿದ 1945ರಲ್ಲಿ.

ಈ ಎರಡು ದುರಂತಗಳ ಬಗ್ಗೆ ಅಮೆರಿಕದಲ್ಲಿ ಅಂದು ಹಬ್ಬಿದ ಮಾತುಗಳು ಇಂದಿಗೂ ಸತ್ತಿಲ್ಲ. ಅವುಗಳಲ್ಲಿ ಅರ್ಧ ಸರಿ, ಅರ್ಧ ತಪ್ಪು. ಆ ತಪ್ಪು ಅರ್ಧವೇ ಜೀವಕ್ಕೆ ಎರವಾಗುವಂಥದ್ದು ಎಂಬ ಕಾರಣಕ್ಕೆ ಒಂದೊಂದನ್ನೂ ಬಿಡಿಸಿ ನೋಡಬೇಕಾಗಿದೆ.

ನಂಬಿಕೆ: ‘ಮುದಿ ವಿಮಾನ, ಅದಕ್ಕೇ ಬಿತ್ತು.’

ಹುಟ್ಟಿದ ವರ್ಷ ನೋಡಿ ವಿಮಾನದ ವಯಸ್ಸು ಹೇಳುವುದು ಸುಲಭ. ಆದರೆ ರೆಕ್ಕೆಯ ಲೋಹಕ್ಕೆ ಕ್ಯಾಲೆಂಡರ್ ಗೊತ್ತಿಲ್ಲ. ತುಕ್ಕು ಹಿಡಿಯುವುದಕ್ಕೆ ವರ್ಷಗಳು ಮುಖ್ಯ, ನಿಜ. ಬಿರುಕು ಹುಟ್ಟುವುದಕ್ಕೆ ಮಾತ್ರ ಮುಖ್ಯವಾದದ್ದು ಆ ಲೋಹ ಎಷ್ಟು ಸಲ, ಎಷ್ಟು ಭಾರಕ್ಕೆ ಬಾಗಿ ಮತ್ತೆ ನೆಟ್ಟಗಾಯಿತು ಎಂಬ ಲೆಕ್ಕ. ಕಬ್ಬಿಣದ ತಂತಿಯನ್ನು ಒಮ್ಮೆ ಬಗ್ಗಿಸಿದರೆ ಏನೂ ಆಗದು, ಅದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸುತ್ತಲೇ ಇದ್ದರೆ ತುಂಡಾಗುತ್ತದಲ್ಲ, ಲೋಹದ ದಣಿವು ಎಂದರೆ ಅದೇ. ಮಟ್ಟಸವಾಗಿ ಹಾರುವಾಗ ರೆಕ್ಕೆಗಳು ವಿಮಾನದ ತೂಕವನ್ನಷ್ಟೇ ಹೊರುತ್ತವೆ. ಕಣಿವೆಯೊಳಗೆ ಇಳಿದು, ದ್ರವ ಸುರಿದು, ಎದುರಿನ ಗುಡ್ಡ ತಪ್ಪಿಸಿ ಮೇಲೇಳುವಾಗ ಅದರ ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಹೊರೆ ಇಮ್ಮಡಿಯಾದಾಗ ಹಾನಿಯೂ ಇಮ್ಮಡಿಗೆ ನಿಲ್ಲುವುದಿಲ್ಲ, ಹಲವು ಪಟ್ಟು ಬೆಳೆಯುತ್ತದೆ. ಜತೆಗೆ ಬೆಂಕಿಯ ಮೇಲಿನ ಬಿಸಿಗಾಳಿಯ ಹೊಯ್ದಾಟ ಬೇರೆ.

ಇನ್ನೊಂದು ಕಡೆಯಿಂದಲೂ ಈ ನಂಬಿಕೆ ನಿಲ್ಲುವುದಿಲ್ಲ. 2012ರ ಜೂನ್ 3ರಂದು ಯೂಟಾ ರಾಜ್ಯದಲ್ಲಿ ಬಿದ್ದ ಪಿ2ವಿ ನೆಪ್ಚೂನ್ ಹಳೆಯದೇ. ಆದರೆ ಅದು ಬೆಟ್ಟದ ನೆಲಕ್ಕೆ ಬಡಿದು ಬಿದ್ದದ್ದು, ರೆಕ್ಕೆ ಮುರಿದಲ್ಲ. ಅದೇ ವರ್ಷ ಜುಲೈ 1ರಂದು ದಕ್ಷಿಣ ಡಕೋಟಾದಲ್ಲಿ ನಾಲ್ವರನ್ನು ಬಲಿ ತೆಗೆದುಕೊಂಡ ಸೇನೆಯ ಸಿ-130 ಬಿರುಗಾಳಿಯ ಮೋಡದಿಂದ ಧುಮ್ಮಿಕ್ಕಿದ ಕೆಳಗಾಳಿಗೆ ಸಿಕ್ಕಿತ್ತು. 2020ರ ಜನವರಿ 23ರಂದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಬಿದ್ದ ಸಿ-130 ಕೂಡ ಗಾಳಿಯ ಹೊಡೆತಕ್ಕೆ ಎತ್ತರ ಕಳೆದುಕೊಂಡದ್ದು. ವಯಸ್ಸನ್ನೇ ದೂರುತ್ತ ಕುಳಿತರೆ ಗಾಳಿ, ಗುಡ್ಡ, ಹೊಗೆ ಇವೆಲ್ಲ ಕಣ್ಣಿಗೆ ಬೀಳದೆ ಹೋಗುತ್ತವೆ.

ನಂಬಿಕೆ: ‘ಲಾಗ್‌ಬುಕ್‌ನಲ್ಲಿ ಸಹಿ ಇದ್ದರೆ ವಿಮಾನ ಸರಿಯಿದೆ ಎಂದರ್ಥ.’

ಇದು ಎಲ್ಲಕ್ಕಿಂತ ಅಪಾಯಕಾರಿ ನಂಬಿಕೆ. ಇದನ್ನು ನಂಬುವವರಲ್ಲಿ ವಿಮಾನದ ಕೆಲಸ ಬಲ್ಲವರೂ ಇದ್ದಾರೆ ಎಂಬುದೇ ನನ್ನ ಆತಂಕ.

ವಾಕರ್‌ನಲ್ಲಿ ಬಿದ್ದ ವಿಮಾನದ ಅವಶೇಷಗಳನ್ನು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ, ಅಂದರೆ ಎನ್‌ಟಿಎಸ್‌ಬಿ, ಪರೀಕ್ಷಿಸಿತು. ಬಲ ರೆಕ್ಕೆಯ ಕೆಳಭಾಗದ ತಗಡಿನಲ್ಲಿ 12 ಇಂಚು ಉದ್ದದ ದಣಿವಿನ ಬಿರುಕು ಸಿಕ್ಕಿತು. ಎರಡು ರಿವೆಟ್ ತೂತುಗಳ ಬಳಿ ಬೇರೆ ಬೇರೆಯಾಗಿ ಹುಟ್ಟಿದ ಬಿರುಕುಗಳು ಬೆಳೆಯುತ್ತ ಬೆಳೆಯುತ್ತ ಒಂದಾಗಿದ್ದವು. ಆ ಜಾಗದ ಮೇಲೆ ಬಲಕ್ಕೆಂದು ತಯಾರಕರೇ ಕೂಡಿಸಿದ್ದ ಇನ್ನೊಂದು ಪದರ ತಗಡು ಇತ್ತು. ಬಿರುಕು ಅದರ ಅಡಿಯಲ್ಲಿ ಅಡಗಿತ್ತು. ತಂತ್ರಜ್ಞ ಟಾರ್ಚ್ ಹಿಡಿದು ರೆಕ್ಕೆಯ ಕೆಳಗೆ ಎಷ್ಟು ಹೊತ್ತು ನಿಂತರೂ ಹೊರಗಿನಿಂದ ಅದು ಕಾಣುತ್ತಿರಲಿಲ್ಲ. ನಿಗದಿಯಾದ ತಪಾಸಣೆ ಮಾಡಿ, ನೋಡಿದ್ದನ್ನು ಪ್ರಾಮಾಣಿಕವಾಗಿ ಬರೆದು ಸಹಿ ಹಾಕಿದರೂ ಬಿರುಕು ಅಲ್ಲೇ ಬೆಳೆಯುತ್ತಿರುತ್ತಿತ್ತು. ಎರಡೂ ಅಪಘಾತಗಳಲ್ಲಿ ಮಂಡಳಿ ರೆಕ್ಕೆಯ ದಣಿವಿನ ಬಿರುಕನ್ನು ಕಾರಣವೆಂದು ಹೇಳಿ, ಬಿರುಕು ಪತ್ತೆ ಮಾಡುವುದಕ್ಕೆ ಸಾಲದ ನಿರ್ವಹಣಾ ಕ್ರಮವನ್ನು ಪೂರಕ ಕಾರಣವೆಂದು ದಾಖಲಿಸಿತು.

ಸಹಿ ಹೇಳುವುದು ಇಷ್ಟೇ: ಈ ದಿನ, ಈ ಪಟ್ಟಿಯ ಪ್ರಕಾರ, ಈ ಜಾಗಗಳನ್ನು ನೋಡಿದೆ. ಪಟ್ಟಿಯಲ್ಲಿ ಇಲ್ಲದ ಜಾಗದ ಬಗ್ಗೆ ಸಹಿಗೆ ಏನೂ ಗೊತ್ತಿರುವುದಿಲ್ಲ. ತಗಡಿನ ಅಡಿಯ ಬಿರುಕನ್ನು ಹುಡುಕಲು ಎಡ್ಡಿ ಕರೆಂಟ್, ಅಲ್ಟ್ರಾಸೌಂಡ್, ಎಕ್ಸ್-ರೇ ವಿಧಾನಗಳಿವೆ. ಆದರೆ ಎಲ್ಲಿ ಹುಡುಕಬೇಕು, ಎಷ್ಟು ದಿನಕ್ಕೊಮ್ಮೆ ಹುಡುಕಬೇಕು ಎಂದು ಮೊದಲು ಯಾರಾದರೂ ಲೆಕ್ಕ ಹಾಕಿ ಪಟ್ಟಿಯಲ್ಲಿ ಬರೆಯಬೇಕು. ಈ ವಿಮಾನಗಳ ಪಟ್ಟಿಗಳಲ್ಲಿ ಬೆಂಕಿಯ ಮೇಲಿನ ಹಾರಾಟದ ಹೊರೆ ಲೆಕ್ಕಕ್ಕೇ ಬಂದಿರಲಿಲ್ಲ.

ನಂಬಿಕೆ: ‘ಹಾರಿದ ಗಂಟೆಗಳ ಲೆಕ್ಕ ಇದ್ದರೆ ಸಾಕು.’

ಗಂಟೆಯ ಲೆಕ್ಕ ಬೇಕು. ಅಮೆರಿಕದ ನಿಯಮದ ಪ್ರಕಾರ ಒಟ್ಟು ಹಾರಾಟದ ಗಂಟೆ, ಆಯುಸ್ಸು ನಿಗದಿಯಾದ ಬಿಡಿಭಾಗಗಳ ಸ್ಥಿತಿ, ಹಾರಾಟ ಯೋಗ್ಯತೆಯ ಆದೇಶಗಳನ್ನು ಪಾಲಿಸಿದ ವಿವರ, ದೊಡ್ಡ ಮಾರ್ಪಾಡುಗಳ ಪತ್ರ ಇವೆಲ್ಲ ವಿಮಾನದ ಜತೆಗೇ ಇರಬೇಕು, ಮಾರಿದಾಗ ಹೊಸ ಮಾಲೀಕನ ಕೈಸೇರಬೇಕು. ಆದರೆ ಸರಕು ಹೊತ್ತು ಮಟ್ಟಸವಾಗಿ ಹಾರಿದ ಒಂದು ಗಂಟೆಗೂ ಕಾಳ್ಗಿಚ್ಚಿನ ಮೇಲೆ ಏಳುತ್ತ ಬೀಳುತ್ತ ಕಳೆದ ಒಂದು ಗಂಟೆಗೂ ಪುಸ್ತಕದಲ್ಲಿ ಬೀಳುವ ಅಂಕಿ ಒಂದೇ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂದು 2002ಕ್ಕೆ ಬಹಳ ಮೊದಲೇ ಗೊತ್ತಿತ್ತು. 1974ರಲ್ಲಿ ನಾಸಾ ಬೆಂಕಿ ನಂದಿಸುವ ಕೆಲಸದಲ್ಲಿದ್ದ ಡಿಸಿ-6ಬಿ ವಿಮಾನಗಳಲ್ಲಿ ಅಳತೆಯ ಉಪಕರಣ ಇಟ್ಟು ಪಡೆದ ಫಲಿತಾಂಶವನ್ನು ಪ್ರಕಟಿಸಿತು. ರೆಕ್ಕೆ ತನ್ನ ಎಂದಿನ ಹೊರೆಯ 2ರಿಂದ 2.4 ಪಟ್ಟು ಹೊರಬೇಕಾದ ಸಂದರ್ಭಗಳು, ಅದೇ ಮಾದರಿಯ ಪ್ರಯಾಣಿಕ ವಿಮಾನಕ್ಕೆ ಹೋಲಿಸಿದರೆ, ಸುಮಾರು ಸಾವಿರ ಪಟ್ಟು ಹೆಚ್ಚಾಗಿದ್ದವು. ಇಂಥ ಬಳಕೆಯಲ್ಲಿ ವಿಮಾನದ ಆಯುಸ್ಸು ಗಣನೀಯವಾಗಿ ತಗ್ಗುತ್ತದೆಂದು ನಿರೀಕ್ಷಿಸಬೇಕು ಎಂದು ಆ ವರದಿ ಹೇಳಿತ್ತು. ಹೇಳಿ 28 ವರ್ಷಗಳಾದ ಮೇಲೂ ತಪಾಸಣೆಯ ಕ್ರಮ ಆ ಮಾತನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ.

ಇನ್ನೊಂದು ಎಚ್ಚರಿಕೆ ಅವಶೇಷಗಳ ರೂಪದಲ್ಲೇ ಬಿದ್ದಿತ್ತು. 1994ರ ಆಗಸ್ಟ್ 13ರಂದು ಕ್ಯಾಲಿಫೋರ್ನಿಯಾದ ಪೇರ್‌ಬ್ಲಾಸಮ್ ಬಳಿ ಇಂಥದೇ ಸಿ-130ಎ ಬಿದ್ದು ಮೂವರು ಸತ್ತಿದ್ದರು. ಇಂಧನ ಸ್ಫೋಟವೇ ಕಾರಣವೆಂದು ಆಗ ತೀರ್ಮಾನವಾಗಿತ್ತು. ವಾಕರ್ ದುರಂತದ ನಂತರ ಆ ಹಳೆಯ ತುಣುಕುಗಳನ್ನು ಮತ್ತೆ ತೆಗೆದು ನೋಡಿದರೆ ಬಲ ರೆಕ್ಕೆಯಲ್ಲಿ ದಣಿವಿನ ಬಿರುಕಿನ ಗುರುತು! ಮಂಡಳಿ ತನ್ನ ತೀರ್ಮಾನವನ್ನೇ ತಿದ್ದಿಕೊಂಡಿತು. ಎಂಟು ವರ್ಷ ಮೊದಲೇ ಆ ಗುರುತು ಕಣ್ಣಿಗೆ ಬಿದ್ದಿದ್ದರೆ ವಾಕರ್‌ನ ಮೂವರು ಬದುಕಿರುತ್ತಿದ್ದರೇ ಎಂಬ ಪ್ರಶ್ನೆಯನ್ನು ಮನಸ್ಸಿನಿಂದ ತೆಗೆದುಹಾಕಲು ನನಗೆ ಆಗಿಲ್ಲ.

ಇಲ್ಲೇ ಸೇನೆಯಿಂದ ಬಂದ ವಿಮಾನಗಳ ವಿಚಾರವನ್ನೂ ಹೇಳಬೇಕು. ಸಿ-130ಎ ವಾಯುಪಡೆಯಲ್ಲಿ, ಪ್ರೈವೇಟೀರ್ ನೌಕಾಪಡೆಯಲ್ಲಿ, ಆಮೇಲೆ ಕರಾವಳಿ ಕಾವಲು ಪಡೆಯಲ್ಲಿ ದುಡಿದು ಬಂದವು. ಸೇನೆಯ ದಿನಗಳ ಪೂರ್ಣ ಚರಿತ್ರೆ ಹಲವು ಏರ್‌ಟ್ಯಾಂಕರ್‌ಗಳಿಗೆ ಸಿಗಲಿಲ್ಲ. ಮೊದಲ ಅಧ್ಯಾಯಗಳೇ ಇಲ್ಲದ ಪುಸ್ತಕದ ಕೊನೆಯಲ್ಲಿ ಎಷ್ಟು ಅಚ್ಚುಕಟ್ಟಾಗಿ ಬರೆದರೂ ಉಳಿದ ಆಯುಸ್ಸನ್ನು ಕಳೆದು ಹೇಳುವುದು ಹೇಗೆ?

ನಂಬಿಕೆ: ‘ಸರ್ಕಾರದ ವಿಮಾನಯಾನ ಇಲಾಖೆ ಎಲ್ಲವನ್ನೂ ನೋಡಿಕೊಳ್ಳುತ್ತದೆ.’

ಅಮೆರಿಕದ ವಿಮಾನಯಾನ ಆಡಳಿತ ಸಂಸ್ಥೆ ಎಫ್‌ಎಎ ಇಂಥ ವಿಮಾನಗಳಿಗೆ ನಿರ್ಬಂಧಿತ ವರ್ಗದಲ್ಲಿ ಪ್ರಮಾಣಪತ್ರ ಕೊಡುತ್ತದೆ. ಪ್ರಯಾಣಿಕರನ್ನು ಹೊರುವ ವಿಮಾನಕ್ಕೆ ಬೇಕಾದ ಪರೀಕ್ಷೆಗಳೆಲ್ಲ ಈ ವರ್ಗಕ್ಕೆ ಬೇಕಿಲ್ಲ. ಸೇನೆ ಒಮ್ಮೆ ಬಳಸಿದ ಮಾದರಿ ಎಂಬುದೇ ಅರ್ಹತೆಯ ದೊಡ್ಡ ಪಾಲು. ಅದೇ ವಿಮಾನ ಸರ್ಕಾರದ ಗುತ್ತಿಗೆಯಲ್ಲಿ ಬೆಂಕಿಯ ಮೇಲೆ ಹಾರಿದಾಗ ‘ಸಾರ್ವಜನಿಕ ವಿಮಾನ’ ಎನಿಸಿಕೊಳ್ಳುತ್ತದೆ, ಆಗ ಅದರ ಸುರಕ್ಷತೆಯ ಹೊಣೆ ಗುತ್ತಿಗೆ ಕೊಟ್ಟ ಇಲಾಖೆಯದು. ಗುತ್ತಿಗೆ ಕೊಡುತ್ತಿದ್ದ ಅಮೆರಿಕದ ಅರಣ್ಯ ಸೇವೆ ಎಫ್‌ಎಎ ಕಡೆ ನೋಡುತ್ತಿತ್ತು, ಎಫ್‌ಎಎ ಇದು ತನ್ನ ವ್ಯಾಪ್ತಿಯಲ್ಲ ಎನ್ನುತ್ತಿತ್ತು. 2002ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟ ಸ್ವತಂತ್ರ ಪರಿಣತರ ಸಮಿತಿ (ಎನ್‌ಟಿಎಸ್‌ಬಿಯ ಮಾಜಿ ಅಧ್ಯಕ್ಷ ಜಿಮ್ ಹಾಲ್ ಅದರ ಇಬ್ಬರು ಸಹ ಅಧ್ಯಕ್ಷರಲ್ಲಿ ಒಬ್ಬರು) ಈ ನಡುವಿನ ಖಾಲಿ ಜಾಗವನ್ನು ಬೆರಳಿಟ್ಟು ತೋರಿಸಿತು. 2004ರ ಏಪ್ರಿಲ್ 23ರಂದು ಎನ್‌ಟಿಎಸ್‌ಬಿ ಸಂದೇಹಕ್ಕೆ ಎಡೆಯಿಲ್ಲದಂತೆ ಹೇಳಿತು: ಹೊಣೆ ಅರಣ್ಯ ಸೇವೆ ಮತ್ತು ಒಳನಾಡು ಇಲಾಖೆಯದು, ಬೆಂಕಿಯ ಕೆಲಸದ ನಿಜವಾದ ಹೊರೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ನಿರ್ವಹಣಾ ಕ್ರಮ ರೂಪಿಸಬೇಕು.

ನಂಬಿಕೆ: ‘2004ರಲ್ಲಿ ವಿಮಾನ ನಿಲ್ಲಿಸಿದ್ದು ಬರೀ ಕಾಗದದ ನೆಪ.’

ಅದೇ ವರ್ಷದ ಮೇ 10ರಂದು 33 ದೊಡ್ಡ ಏರ್‌ಟ್ಯಾಂಕರ್‌ಗಳ ಗುತ್ತಿಗೆ ರದ್ದಾಯಿತು. ಬೆಂಕಿಯ ಋತು ಎದುರಿಗಿದ್ದಾಗ ಹೀಗೆ ಮಾಡಿದರೆಂದು ಪೈಲಟ್‌ಗಳು, ಕಾಡಂಚಿನ ಊರಿನವರು ಸಿಟ್ಟಾದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಮನೆಯ ಹಿಂದಿನ ಗುಡ್ಡ ಉರಿಯುವಾಗ ದಾಖಲೆ ಪುಸ್ತಕ ಯಾರಿಗೆ ಬೇಕು? ಆದರೆ ಇಲಾಖೆ ಆ ವಿಮಾನಗಳೆಲ್ಲ ಹಾಳಾಗಿವೆ ಎಂದು ಹೇಳಲಿಲ್ಲ. ಹಾಳಾಗಿಲ್ಲವೆಂದು ತಿಳಿಯುವ ದಾರಿ ತನ್ನ ಬಳಿ ಇಲ್ಲ ಎಂದು ಒಪ್ಪಿಕೊಂಡಿತು. ಅದು ನೆಪವಲ್ಲ, ತಡವಾಗಿ ಬಂದ ಪ್ರಾಮಾಣಿಕತೆ.

ಕಾಗದ ಸರಿಯಿದ್ದರೆ ದಾರಿ ತೆರೆದಿತ್ತು ಎಂಬುದಕ್ಕೂ ಸಾಕ್ಷಿಯಿದೆ. ತಮ್ಮ ಹಾರಾಟದ ಚರಿತ್ರೆ ಮತ್ತು ಉಳಿದ ಆಯುಸ್ಸನ್ನು ದಾಖಲೆಗಳ ಮೂಲಕ ತೋರಿಸಬಲ್ಲ ಕೆಲವು ಪಿ-3 ಒರಾಯನ್‌ಗಳು ಅದೇ ಬೇಸಿಗೆಯಲ್ಲಿ ಕೆಲಸಕ್ಕೆ ಮರಳಿದವು. ಆ ದಾರಿ ಒಮ್ಮೆ ತೆರೆದರೆ ಮುಗಿಯಿತೆಂದೂ ಅಲ್ಲ: 2011ರ ಜುಲೈನಲ್ಲಿ, ಒಪ್ಪಿಕೊಂಡಿದ್ದ ರಚನಾ ತಪಾಸಣೆಗಳು ಪೂರ್ತಿಯಾಗಿಲ್ಲ ಎಂಬ ಕಾರಣಕ್ಕೆ ಅವೇ ಪಿ-3ಗಳ ಗುತ್ತಿಗೆ ರದ್ದಾಯಿತು. 2002ರಲ್ಲಿ 44 ಇದ್ದ ದೊಡ್ಡ ಏರ್‌ಟ್ಯಾಂಕರ್‌ಗಳು ಆಗ 11ಕ್ಕೆ ಇಳಿದವು. ನಷ್ಟ ಸಣ್ಣದಲ್ಲ, ಅದನ್ನು ಮುಚ್ಚಿಡಬೇಕಾಗಿಯೂ ಇಲ್ಲ.

ಮರುವರ್ಷ, 2012ರ ಫೆಬ್ರುವರಿಯಲ್ಲಿ, ಪಿ2ವಿ ಒಂದರ ರೆಕ್ಕೆಯಲ್ಲಿ ಎರಡು ಅಡಿಯಷ್ಟು ಉದ್ದದ ಬಿರುಕು ನೆಲದ ಮೇಲೆ ನಿಂತಿದ್ದಾಗಲೇ ಸಿಕ್ಕಿತು. ಉಳಿದ ಪಿ2ವಿಗಳನ್ನು ಮುಂದಿನ ಹಾರಾಟಕ್ಕೆ ಮೊದಲು ಪರೀಕ್ಷಿಸಲು ಎಫ್‌ಎಎ ತುರ್ತು ಆದೇಶ ಹೊರಡಿಸಿತು. ಯಾರೂ ಸಾಯದ್ದರಿಂದ ಈ ಸುದ್ದಿ ಯಾರಿಗೂ ನೆನಪಿಲ್ಲ. ಇಡೀ ಕಥೆಯಲ್ಲಿ ನನಗೆ ಅತಿ ಮುಖ್ಯವೆನಿಸುವ ಘಟನೆ ಇದೇ.

ನಂಬಿಕೆ: ‘ಈಗ ಹೊಸ ಜೆಟ್‌ಗಳು ಬಂದಿವೆ, ಆ ಕಾಲ ಮುಗಿಯಿತು.’

ಪಿ2ವಿಗಳು 2017ರಲ್ಲಿ ನಿವೃತ್ತವಾದವು. ಅವುಗಳ ಜಾಗಕ್ಕೆ ಬಂದ ಬಿಎಇ-146, ಆರ್‌ಜೆ85, ಎಂಡಿ-87, ಸುಮಾರು 35,000 ಲೀಟರ್ ಹೊರುವ ಡಿಸಿ-10 ಇವನ್ನು ‘ಹೊಸ ಪೀಳಿಗೆ’ ಎನ್ನುತ್ತಾರೆ. ಕಾಳ್ಗಿಚ್ಚಿನ ಕೆಲಸಕ್ಕೆ ಅವು ಹೊಸವು, ನಿಜ. ವಿಮಾನಗಳಾಗಿ ಹಳೆಯವೇ: ಪ್ರಯಾಣಿಕರನ್ನು ಹೊತ್ತು ದುಡಿದು, ವಿಮಾನಯಾನ ಕಂಪನಿಗಳು ಬಿಟ್ಟುಕೊಟ್ಟ ಮೇಲೆ ಟ್ಯಾಂಕ್ ಕೂಡಿಸಿಕೊಂಡವು. ಡಿಸಿ-10ರ ತಯಾರಿಕೆ 1980ರ ದಶಕದ ಕೊನೆಗೇ ನಿಂತಿತು. ಸೇನೆಯ ಹಳೆಯ ವಿಮಾನಗಳಿಗಿಂತ ಇವುಗಳಿಗಿರುವ ನಿಜವಾದ ಅನುಕೂಲ ದಾಖಲೆಯದು. ಮೊದಲ ಹಾರಾಟದಿಂದ ಪ್ರತಿ ಏರಿಳಿತ, ಪ್ರತಿ ದುರಸ್ತಿ ಬರೆದಿಟ್ಟ ಪುಸ್ತಕ ಜತೆಗೆ ಬರುತ್ತದೆ, ತಯಾರಕರ ಬೆಂಬಲವೂ ಹಲವಕ್ಕೆ ಇದೆ.

ಕನ್ನಡದ ಓದುಗರಿಗೆ ಇದೆಲ್ಲ ದೂರದ ಮಾತೆನಿಸಬಹುದು. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ನೀರಿನ ಬಕೆಟ್ ತೂಗಿಸಿಕೊಂಡು ಬಂದದ್ದನ್ನು ನಾವು ನೋಡಿದ್ದೇವೆ. ಬೆಂಕಿಯ ಮೇಲೆ ಹೆಲಿಕಾಪ್ಟರ್ ಕಳೆದ ಗಂಟೆಯೂ ಪುಸ್ತಕದಲ್ಲಿ ಬರೀ ಒಂದು ಗಂಟೆಯಾಗಿಯೇ ಉಳಿಯಬಾರದು.

ಆ ಜೆಟ್‌ಗಳ ವಿಚಾರದಲ್ಲೂ ಹಾಗೆಯೇ. ಪ್ರಯಾಣಿಕರ ಹಾರಾಟಕ್ಕೆಂದು ರೂಪಿಸಿದ ತಪಾಸಣೆಯ ಪಟ್ಟಿ, ಬೆಂಕಿಯ ಮೇಲೆ ನೂರೈವತ್ತು ಇನ್ನೂರು ಅಡಿ ಎತ್ತರದಲ್ಲಿ ಹಾರುವ ಅದೇ ವಿಮಾನಕ್ಕೆ ಹೊಂದುವುದಿಲ್ಲ. ಅದಕ್ಕೇ ಈಗ ಅರಣ್ಯ ಸೇವೆಯ ಗುತ್ತಿಗೆಯ ವಿಮಾನಗಳಲ್ಲಿ ಹೊರೆ ಅಳೆಯುವ ಉಪಕರಣ ಇರುತ್ತದೆ: ಪ್ರತಿ ಸಲ ದ್ರವ ಸುರಿದು ಮೇಲೇಳುವಾಗ ರೆಕ್ಕೆ ಎಷ್ಟು ಹೊತ್ತಿತು, ಎಷ್ಟು ಬಾಗಿತು ಎಂಬುದು ದಾಖಲಾಗುತ್ತದೆ. ಆ ಅಂಕಿಗಳನ್ನು ಎಂಜಿನಿಯರ್‌ಗಳು ಓದಿ, ಮುಂದಿನ ತಪಾಸಣೆ ಎಂದು, ಯಾವ ತಗಡು ಬಿಚ್ಚಿ ನೋಡಬೇಕು ಎಂದು ಪಟ್ಟಿಯನ್ನು ತಿದ್ದುತ್ತ ಹೋಗಬೇಕು. 1974ರಲ್ಲಿ ಅಳತೆ ಸಿಕ್ಕಿತ್ತು, ಪಟ್ಟಿ ಮಾತ್ರ ಬದಲಾಗಿರಲಿಲ್ಲ.