ಪ್ರಬಂಧ ಸಲ್ಲಿಸಿದ ಮರುದಿನ

ಪಿಎಚ್.ಡಿ. ಪ್ರಬಂಧದ ಪ್ರತಿಗಳನ್ನು ವಿಶ್ವವಿದ್ಯಾಲಯದ ಕಚೇರಿಯಲ್ಲಿ ಒಪ್ಪಿಸಿ, ರಸೀದಿಯನ್ನು ಜೇಬಿಗಿಟ್ಟುಕೊಂಡು ಹೊರಬಂದಾಗ ಮಧ್ಯಾಹ್ನ ಮೂರು ಗಂಟೆ. ಆರು ವರ್ಷ ಈ ದಿನಕ್ಕಾಗಿ ಕಾದಿದ್ದೆ. ಅದು ಬಂದಾಗ ಏನು ಮಾಡಬೇಕೆಂದೇ ತೋಚಲಿಲ್ಲ. ಕ್ಯಾಂಟೀನಿನಲ್ಲಿ ಒಂದು ಕಾಫಿ ಕುಡಿದು, ಹಾಸ್ಟೆಲಿಗೆ ಹೋಗಿ ಮಲಗಿದೆ. ಮರುದಿನ ಎಂದಿನಂತೆ ಐದು ಗಂಟೆಗೇ ಎಚ್ಚರವಾಯಿತು. ಹೋಗಲು ಪ್ರಯೋಗಾಲಯವಿರಲಿಲ್ಲ, ತಿದ್ದಲು ಅಧ್ಯಾಯವಿರಲಿಲ್ಲ.

ಸಂಶೋಧನೆ ಮಾಡಿದವರಿಗೆಲ್ಲ ಈ ದಿನಗಳು ಗೊತ್ತು. ಪ್ರಬಂಧ ಪರೀಕ್ಷಕರ ಬಳಿಗೆ ಹೋಗಿ, ಅವರ ವರದಿ ಬಂದು, ಮೌಖಿಕ ಪರೀಕ್ಷೆ ನಡೆಯುವಷ್ಟರಲ್ಲಿ ತಿಂಗಳುಗಳೇ ಉರುಳುತ್ತವೆ. ಶಿಷ್ಯವೇತನ ನಿಂತಿರುತ್ತದೆ, ಕೆಲಸ ಇನ್ನೂ ಸಿಕ್ಕಿರುವುದಿಲ್ಲ. ಎಂ.ಎ., ಎಂ.ಎಸ್ಸಿ. ಮುಗಿಸಿ ಫಲಿತಾಂಶಕ್ಕೆ ಕಾಯುವವರ ಪಾಡೂ ಇದೇ. ಮದುವೆ ಮನೆಯಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ ಪ್ರಶ್ನೆ: ‘ಮುಂದೇನು?’

ನನ್ನನ್ನು ಹೆದರಿಸಿದ್ದು ಆ ಪ್ರಶ್ನೆಯಲ್ಲ. ಮೂರನೆಯ ದಿನ ಗ್ರಂಥಾಲಯದಿಂದ ಒಂದು ಕಾದಂಬರಿ ತಂದೆ. ಹತ್ತು ಪುಟ ಓದುವಷ್ಟರಲ್ಲಿ ಕೈ ತಾನಾಗಿ ಪೆನ್ಸಿಲ್ ಹುಡುಕಿತು. ಅಡಿಗೆರೆ ಎಳೆಯಲು, ಟಿಪ್ಪಣಿ ಬರೆಯಲು! ಪ್ರಯೋಜನವಿಲ್ಲದೆ ಓದುವುದನ್ನೇ ನಾನು ಮರೆತುಬಿಟ್ಟಿದ್ದೆ.

ಕೆರೆ ಪಕ್ಕದಲ್ಲೇ ಇತ್ತು

ಮೈಸೂರಿನ ಮಾನಸಗಂಗೋತ್ರಿಯ ಪಕ್ಕದಲ್ಲೇ ಕುಕ್ಕರಹಳ್ಳಿ ಕೆರೆ. ಆರು ವರ್ಷ ಅದರ ಬದಿಯಲ್ಲೇ ಓಡಾಡಿದವನು ನಾನು. ಸಸ್ಯಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಎಲೆಯೊಂದರ ಜೀವಕೋಶಗಳು ಸೂಕ್ಷ್ಮದರ್ಶಕದಲ್ಲಿ ಕಂಠಪಾಠವಾಗಿದ್ದವು. ಆದರೆ ಕೆರೆಯ ಏರಿಯ ಮೇಲೆ ನಿಂತು ನೀರನ್ನು ನೋಡಿದ್ದು ಕಡಿಮೆ.

ಮಾಡಲು ಕೆಲಸವಿಲ್ಲದ್ದರಿಂದ ಒಂದು ಬೆಳಿಗ್ಗೆ ಅಲ್ಲಿ ಹೋಗಿ ಕುಳಿತೆ. ದೊಡ್ಡ ಕೊಕ್ಕಿನ, ಕೊಕ್ಕಿನಡಿ ಚೀಲವಿರುವ ಹಕ್ಕಿಯೊಂದು ವಿಮಾನದಂತೆ ನೀರಿಗಿಳಿಯಿತು. ಪಕ್ಕದಲ್ಲಿದ್ದ ಹಿರಿಯರು ತಮ್ಮ ದುರ್ಬೀನನ್ನು ನನ್ನ ಕೈಗಿತ್ತು, ‘ಹೆಜ್ಜಾರ್ಲೆ’ ಎಂದರು. ರೆಕ್ಕೆ ಹರಡಿ ಬಿಸಿಲಿಗೆ ಒಣಗಿಸುತ್ತಿದ್ದ ಕಪ್ಪು ಹಕ್ಕಿ ನೀರುಕಾಗೆ. ಒಂದು ವಾರದಲ್ಲಿ ಹದಿನಾಲ್ಕು ಹೆಸರು ಕಲಿತೆ. ಯಾರೂ ಪರೀಕ್ಷೆ ಮಾಡಲಿಲ್ಲ. ಅದೇ ಅದರ ಸುಖ!

ಆ ಹಿರಿಯರೇ ಒಂದು ಭಾನುವಾರ ರಂಗನತಿಟ್ಟಿಗೆ ಕರೆದೊಯ್ದರು. ಕಾವೇರಿಯ ಆ ನಡುಗಡ್ಡೆಗಳನ್ನು ರಕ್ಷಿಸಬೇಕೆಂದು 1940ರಲ್ಲಿ ಮೈಸೂರು ಅರಸರ ಮನವೊಲಿಸಿದವರು ಸಲೀಂ ಅಲಿ. 2022ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ಒಬ್ಬ ಮನುಷ್ಯ ಹಕ್ಕಿಗಳನ್ನು ಸುಮ್ಮನೆ ನೋಡುತ್ತ ನಿಂತದ್ದರಿಂದ ಎಷ್ಟು ಕೆಲಸವಾಯಿತು ಎಂದು ದೋಣಿಯಲ್ಲಿ ಕುಳಿತು ಯೋಚಿಸಿದೆ.

ಅಪ್ಪನ ಬಾದಾಮಿ

ಎರಡು ವಾರದ ನಂತರ ಅರಸೀಕೆರೆ ಹತ್ತಿರದ ನಮ್ಮೂರಿಗೆ ಹೋದೆ. ಅಪ್ಪ ಸರ್ಕಾರಿ ಪ್ರೌಢಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಮಾಡಿ ನಿವೃತ್ತರಾದವರು. ಅಮ್ಮ ತಟ್ಟೆಗೆ ಮುದ್ದೆ ಹಾಕುತ್ತ, ‘ಹಿಂಗೇ ಎಷ್ಟು ದಿನ ಮಗಾ?’ ಎಂದಳು. ಅಪ್ಪ ಏನೂ ಹೇಳಲಿಲ್ಲ. ಅವರ ಮೌನವೇ ಹೆಚ್ಚು ಭಾರವಾಗಿತ್ತು.

ಆ ಭಾರ ತಡೆಯಲಾರದೆ, ‘ಬಾದಾಮಿ ನೋಡಿದ್ದೀರಾ ಅಪ್ಪಾ?’ ಎಂದು ಕೇಳಿದೆ.

‘ಎಲ್ಲಿ ನೋಡ್ಲಿ? ಶಾಲೆ ಪ್ರವಾಸ ಬೇಲೂರು, ಹಳೇಬೀಡಿಗೇ ಮುಗಿದುಹೋಗೋದು. ಆಮೇಲೆ ನಿಮ್ಮ ಓದು’ ಎಂದರು.

ಕಪ್ಪೆ ಅರಭಟ್ಟನ ಶಾಸನವನ್ನು ನೂರಾರು ಮಕ್ಕಳಿಗೆ ಹೇಳಿಕೊಟ್ಟ ಮೇಷ್ಟ್ರು ಅದಿರುವ ಬಂಡೆಯನ್ನು ನೋಡಿರಲಿಲ್ಲ. ಮುಂದಿನ ವಾರ ಅರಸೀಕೆರೆಯಲ್ಲಿ ರಾತ್ರಿ ರೈಲು ಹತ್ತಿದೆವು. ಅಮ್ಮ ಚಪಾತಿ, ಚಟ್ನಿಪುಡಿ ಕಟ್ಟಿಕೊಟ್ಟಳು. ಜೊತೆಗೆ ಬಾ ಎಂದರೆ, ಹಸು ಬಿಟ್ಟು ಬರುವವರಾರು ಎಂದಳು.

ಬಾದಾಮಿಯ ಮೂರನೆಯ ಗುಹೆ ಕ್ರಿ.ಶ. 578ರದು, ಮಂಗಳೇಶ ಮಾಡಿಸಿದ್ದು. ಅಪ್ಪ ಅಲ್ಲಿ ಗಂಟೆಗಟ್ಟಲೆ ನಿಂತರು. ಮಧ್ಯಾಹ್ನ ಅಗಸ್ತ್ಯತೀರ್ಥದ ದಡ ಬಳಸಿ ಅರಭಟ್ಟನ ಬಂಡೆಯ ಹತ್ತಿರ ಹೋದೆವು. ತ್ರಿಪದಿಯ ಅತ್ಯಂತ ಹಳೆಯ ಮಾದರಿ ಎಂದು ಪಠ್ಯಪುಸ್ತಕಗಳು ಹೇಳುವುದು ಇದನ್ನೇ, ಕ್ರಿ.ಶ. 700ರ ಸುಮಾರಿನದು. ಅಪ್ಪ ಚಪ್ಪಲಿ ಬಿಟ್ಟು, ಕನ್ನಡಕ ಸರಿಮಾಡಿಕೊಂಡು, ಪದ್ಯಗಳನ್ನು ತರಗತಿಯ ದನಿಯಲ್ಲೇ ಹೇಳಿದರು. ಹೇಳಿ ಮುಗಿಸಿ, ಬಂಡೆಯ ಮೇಲಿನ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು.

‘ಬಾಯಿಗೆ ಬರುತ್ತೆ, ಕಣ್ಣಿಗೆ ಬರಲ್ಲ ಕಣೋ’ ಎಂದರು.

ಹಳೆಯ ಲಿಪಿಯಲ್ಲಿ ಒಂದಕ್ಷರವೂ ಅವರಿಗೆ ತಿಳಿಯುತ್ತಿರಲಿಲ್ಲ. ಆರು ವರ್ಷ ಕೆರೆಯ ಪಕ್ಕದಲ್ಲೇ ಇದ್ದು ಹಕ್ಕಿಯ ಹೆಸರು ಗೊತ್ತಿಲ್ಲದ ನನಗೆ ಆ ಮಾತು ಚೆನ್ನಾಗಿ ಅರ್ಥವಾಯಿತು.

ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯ, ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿಯ 634ರ ಶಾಸನ ನೋಡಿಕೊಂಡು ಹಿಂತಿರುಗಿದೆವು. ಸರ್ಕಾರಿ ಬಸ್ಸು, ಸಾಧಾರಣ ಕೋಣೆ, ಖಾನಾವಳಿಯ ಜೋಳದ ರೊಟ್ಟಿ. ಐದು ದಿನಕ್ಕೆ ಇಬ್ಬರಿಗೆ ಆದ ಖರ್ಚು ನನ್ನ ಕೊನೆಯ ತಿಂಗಳ ಶಿಷ್ಯವೇತನದ ಐದರಲ್ಲೊಂದು ಪಾಲು.

ಊರ ಮುಂದಿನ ಕಲ್ಲು

ಊರಿಗೆ ಬಂದ ಮೇಲೆ ಅಪ್ಪ, ನಾನು ಇಬ್ಬರೂ ಲಿಪಿ ಕಲಿಯಲು ಕುಳಿತೆವು. ಬಿ.ಎಲ್. ರೈಸ್ ಸುಮಾರು 9000 ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಪ್ರಕಟಿಸಿದ್ದಾರೆ. ಹಾಸನ ಜಿಲ್ಲೆಯದು ಐದನೆಯ ಸಂಪುಟ. ಅದರಲ್ಲಿ ನಮ್ಮೂರ ಹೆಸರೂ ಇತ್ತು!

ಕೆರೆಯ ಕೋಡಿಯ ಬಳಿ ಹುಡುಗರು ಬಟ್ಟೆ ಒಣಹಾಕುತ್ತಿದ್ದ ಕಲ್ಲು ಹೊಯ್ಸಳರ ಕಾಲದ ವೀರಗಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕುಳಿತ ವೀರ. ದನಗಳನ್ನು ಬಿಡಿಸಲು ಹೋಗಿ ಸತ್ತವನ ನೆನಪು ಅದು. ಬೆಳಗಿನ ಓರೆಬಿಸಿಲು ಬಿದ್ದಾಗ ಅಕ್ಷರಗಳು ಎದ್ದು ಕಾಣುತ್ತವೆ ಎಂಬುದನ್ನು ನಾವಾಗಿಯೇ ಕಂಡುಕೊಂಡೆವು. ‘ಸ್ವಸ್ತಿ ಶ್ರೀ’ ಎಂಬಷ್ಟನ್ನು ಅಪ್ಪ ತಾವೇ ಓದಿದ ದಿನ ಮನೆಯಲ್ಲಿ ಪಾಯಸವಾಯಿತು.

ತಂದೆತಾಯಿಗಳಿಗೆ ಒಂದು ಮಾತು

ಓದು ಮುಗಿಸಿದ ಮಗ, ಮಗಳು ಕೆಲವು ತಿಂಗಳು ಮನೆಯಲ್ಲಿದ್ದರೆ ನಿಮಗೆ ಚಿಂತೆಯಾಗುವುದು ಸಹಜ. ಸಾಲ ತೀರಿಸಬೇಕಾದ ಮನೆಯಲ್ಲಿ ಬಿಡುವು ಎಂಬುದು ದೊಡ್ಡ ಮಾತು. ಅಂಥವರಿಗೆ ವಾರಕ್ಕೊಂದು ಭಾನುವಾರವೇ ಸಾಕಾದೀತು. ಆದರೆ ಅವಕಾಶವಿದ್ದಲ್ಲಿ ‘ಇದರಿಂದ ಏನು ಉಪಯೋಗ?’ ಎಂದು ಕೂಡಲೇ ಕೇಳಬೇಡಿ. ಇಪ್ಪತ್ತು ವರ್ಷ ಅಂಕಗಳಿಗಾಗಿ ಓದಿದವರಿಗೆ ಕುತೂಹಲ ಮರಳಿ ಬರಲು ಸ್ವಲ್ಪ ಕಾಲ ಬೇಕು.

ಮೈಸೂರಿನಲ್ಲಿ ಎಂ.ಎ. ಮುಗಿಸಿದ ಪೂರ್ಣಚಂದ್ರ ತೇಜಸ್ವಿ ಅಧ್ಯಾಪಕರಾಗದೆ ಮಲೆನಾಡಿಗೆ ಹೋಗಿ ಕೃಷಿಗೆ ನಿಂತರು. ಅವರ ಹಕ್ಕಿಗಳು, ಕ್ಯಾಮೆರಾ, ಮೀನಿನ ಗಾಳ ಎಲ್ಲವೂ ಅವರ ಬರವಣಿಗೆಯೊಳಗೆ ಬಂದವು. ಎಲ್ಲರೂ ತೇಜಸ್ವಿಯಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

ವಿದ್ಯಾರ್ಥಿಗಳಿಗೂ ಒಂದು ಮಾತು. ಗೊತ್ತುಗುರಿಯಿಲ್ಲದ ಬಿಡುವು ಬೇಗ ಬೇಸರ ತರಿಸುತ್ತದೆ. ನಾನು ಬೆಳಿಗ್ಗೆ ಎರಡು ಗಂಟೆ ಕೆಲಸದ ಅರ್ಜಿಗಳಿಗೆ, ಸಂದರ್ಶನದ ತಯಾರಿಗೆ ಮೀಸಲಿಟ್ಟಿದ್ದೆ, ಉಳಿದದ್ದು ನನ್ನದು. ನಿಮ್ಮ ವಿಷಯಕ್ಕೆ ಸಂಬಂಧವೇ ಇಲ್ಲದ ಒಂದನ್ನು ಆರಿಸಿಕೊಳ್ಳಿ. ದುಬಾರಿ ಸಾಮಗ್ರಿ ಮೊದಲೇ ಕೊಳ್ಳಬೇಡಿ. ದೂರದ ಊರಿಗೆ ಹೋಗುವ ಮುನ್ನ ನಿಮ್ಮೂರ ಕೆರೆ, ಗುಡ್ಡ, ಕಲ್ಲುಗಳನ್ನು ನೋಡಿ. ಪ್ರವಾಸ ಹೊರಟರೆ ಮನೆಯಲ್ಲಿ ಯಾರು ಎಲ್ಲಿಗೆ ಹೋಗಬೇಕೆಂದು ಆಸೆಪಟ್ಟು ಸುಮ್ಮನಿದ್ದಾರೆ ಎಂದು ಒಮ್ಮೆ ಕೇಳಿ.

ಐದನೆಯ ತಿಂಗಳು ಮೌಖಿಕ ಪರೀಕ್ಷೆಯ ಪತ್ರ ಬಂತು. ಅದಾಗಿ ಆರು ತಿಂಗಳಿಗೆ ಕಾಲೇಜೊಂದರಲ್ಲಿ ಕೆಲಸವೂ ಸಿಕ್ಕಿತು. ಈಗ ಬಿಡುವು ಕಡಿಮೆ. ಆದರೂ ಬೇಸಿಗೆ ರಜೆ ಹತ್ತಿರ ಬಂದಂತೆ ಅಪ್ಪ ದೂರವಾಣಿ ಮಾಡಿ, ಈ ಸಲ ಯಾವ ಶಾಸನ ಎಂದು ಕೇಳುತ್ತಾರೆ. ಹೋದ ವರ್ಷ ಹಸುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಅಮ್ಮನೂ ಬಂದಳು.