ಬಾಡಿಗೆ ರಸೀದಿಗೆ ಮೊದಲು ಒಂದು ಲೆಕ್ಕ

ಸಂಬಳದ ಚೀಟಿಯಲ್ಲಿ ಎಚ್‌ಆರ್‌ಎ, ಅಂದರೆ ಮನೆ ಬಾಡಿಗೆ ಭತ್ಯೆ ಇದೆ ಎಂದ ಮಾತ್ರಕ್ಕೆ ಕಟ್ಟಿದ ಬಾಡಿಗೆಗೆಲ್ಲ ತೆರಿಗೆ ಮಾಫಿ ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರು ತಿಳಿಯುವುದುಂಟು. ವರ್ಷದ ಕೊನೆಗೆ ಕಚೇರಿ ದಾಖಲೆ ಕೇಳಿದಾಗ ಮನೆ ಮಾಲೀಕರ ಬೆನ್ನು ಹತ್ತಿ ರಸೀದಿಗೆ ಸಹಿ ಹಾಕಿಸಿಕೊಳ್ಳುವ ಓಡಾಟ ಶುರುವಾಗುತ್ತದೆ. ಮೊದಲ ಬಾರಿ ಬಾಡಿಗೆ ಮನೆ ಹಿಡಿದ ಬಹಳ ಮಂದಿಗೆ ಈ ಓಡಾಟದಿಂದ ಒಂದು ರೂಪಾಯಿಯೂ ಉಳಿಯುವುದಿಲ್ಲ. 2023-24ರಿಂದ ಹೊಸ ತೆರಿಗೆ ಪದ್ಧತಿಯೇ ತಾನಾಗಿ ಅನ್ವಯವಾಗುತ್ತಿದೆ, ಅದರಲ್ಲಿ ಬಾಡಿಗೆಯ ವಿನಾಯಿತಿಗೆ ಜಾಗವಿಲ್ಲ. ವಿನಾಯಿತಿ ಬೇಕಿದ್ದರೆ ಹಳೆಯ ಪದ್ಧತಿಯನ್ನು ಕೇಳಿ ಪಡೆಯಬೇಕು. ಹಾಗೆ ಕೇಳುವುದು ಲಾಭವೋ ನಷ್ಟವೋ ಎಂಬುದನ್ನು ರಸೀದಿ ಬರೆಸುವ ಮೊದಲೇ ನೋಡಿಕೊಳ್ಳಬೇಕು.

ಹಳೆಯ ಪದ್ಧತಿಯಲ್ಲಿ ಮೂರು ಮೊತ್ತಗಳನ್ನು ಹಾಕಿ ನೋಡಿ, ಅವುಗಳಲ್ಲಿ ಅತಿ ಕಡಿಮೆಯದಕ್ಕೆ ಮಾತ್ರ ವಿನಾಯಿತಿ ಕೊಡುತ್ತಾರೆ: ಕೈಗೆ ಬಂದ ಎಚ್‌ಆರ್‌ಎ, ಕಟ್ಟಿದ ಬಾಡಿಗೆಯಲ್ಲಿ ಮೂಲ ವೇತನದ ಶೇ 10ನ್ನು ಕಳೆದು ಉಳಿದದ್ದು, ಮೂಲ ವೇತನದ ಶೇ 40. ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗಳಲ್ಲಿ ಇದು ಶೇ 50. ಬೆಂಗಳೂರಿನ ಬಾಡಿಗೆ ಬಲ್ಲವರಿಗೆ ನಗು ಬರಬಹುದು, ಆದರೆ 2025-26ರ ಲೆಕ್ಕದಲ್ಲಿ ಬೆಂಗಳೂರು ಶೇ 40ರ ಗುಂಪಿನಲ್ಲೇ ಇದೆ. ಈಗ ವರ್ಷಕ್ಕೆ 10 ಲಕ್ಷ ಸಂಬಳ, ಅದರಲ್ಲಿ ಮೂಲ ವೇತನ 5 ಲಕ್ಷ, ಎಚ್‌ಆರ್‌ಎ 2 ಲಕ್ಷ, ತಿಂಗಳ ಬಾಡಿಗೆ 20 ಸಾವಿರ ಎಂದಿಟ್ಟುಕೊಳ್ಳಿ. ವಿನಾಯಿತಿ 1.9 ಲಕ್ಷ ಬರುತ್ತದೆ. ಅದರ ಜೊತೆಗೆ ಭವಿಷ್ಯನಿಧಿ, ವಿಮೆಗಳ 1.5 ಲಕ್ಷವನ್ನೂ, 50 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ನನ್ನೂ ಕಳೆದರೆ ಉಳಿಯುವುದು 6.1 ಲಕ್ಷ, ಸೆಸ್ ಸೇರಿ ತೆರಿಗೆ 35,880 ರೂಪಾಯಿ. ಹೊಸ ಪದ್ಧತಿಯಲ್ಲಿ ಇದೇ ವ್ಯಕ್ತಿಯ ತೆರಿಗೆ ಸೊನ್ನೆ, ಏಕೆಂದರೆ 2025-26ರಿಂದ 12.75 ಲಕ್ಷದವರೆಗಿನ ಸಂಬಳಕ್ಕೆ ಅಲ್ಲಿ ತೆರಿಗೆಯೇ ಬೀಳುವುದಿಲ್ಲ. ಅಂದರೆ ರಸೀದಿಗಳನ್ನೆಲ್ಲ ಜೋಡಿಸಿ ಕೊಟ್ಟವರು ಸುಮ್ಮನಿದ್ದವರಿಗಿಂತ 35 ಸಾವಿರ ಹೆಚ್ಚು ಕಟ್ಟಿದಂತಾಯಿತು.

ಸಂಬಳ ಹೆಚ್ಚಿದ್ದವರಿಗಾದರೂ ಲಾಭ ಇರಬೇಕಲ್ಲ ಎಂಬ ಪ್ರಶ್ನೆ ಸಹಜ. 20 ಲಕ್ಷ ಸಂಬಳ, 10 ಲಕ್ಷ ಮೂಲ ವೇತನ, 4 ಲಕ್ಷ ಎಚ್‌ಆರ್‌ಎ, ತಿಂಗಳಿಗೆ 40 ಸಾವಿರ ಬಾಡಿಗೆ ಇದ್ದವರಿಗೆ 3.8 ಲಕ್ಷದ ವಿನಾಯಿತಿ ಸಿಗುತ್ತದೆ. ಆದರೂ 1.5 ಲಕ್ಷದ ಉಳಿತಾಯ ತೋರಿಸಿ ಹಳೆಯ ಪದ್ಧತಿಯಲ್ಲಿ ಕಟ್ಟಬೇಕಾದದ್ದು 2,48,040 ರೂಪಾಯಿ, ಹೊಸದರಲ್ಲಿ 1,92,400. ತಕ್ಕಡಿ ಹಳೆಯದರ ಕಡೆಗೆ ವಾಲಬೇಕಾದರೆ ಇನ್ನೊಂದು ದೊಡ್ಡ ಕಡಿತ ಬೇಕು. ಊರಿನಲ್ಲಿ ಮನೆ ಕಟ್ಟಿಸಿ ಅದರ ಸಾಲಕ್ಕೆ ವರ್ಷಕ್ಕೆ 2 ಲಕ್ಷ ಬಡ್ಡಿ ಕಟ್ಟುತ್ತ, ಕೆಲಸಕ್ಕಾಗಿ ಬೆಂಗಳೂರಿನಲ್ಲಿ ಬಾಡಿಗೆಗಿರುವವರು ಎರಡನ್ನೂ ಕೇಳಬಹುದು. ಆಗ ಹಳೆಯ ಪದ್ಧತಿಯ ತೆರಿಗೆ 1,85,640ಕ್ಕೆ ಇಳಿಯುತ್ತದೆ. ಉಳಿತಾಯ 6,760 ರೂಪಾಯಿ. ಸರ್ಕಾರ ಬಾಡಿಗೆಯ ವಿನಾಯಿತಿಯನ್ನು ಕಾನೂನಿನಿಂದ ತೆಗೆದುಹಾಕಿಲ್ಲ ನಿಜ, ಆದರೆ ಮೊದಲ ಬಾಡಿಗೆದಾರರ ಪಾಲಿಗೆ ಅದು ಹೆಚ್ಚುಕಡಿಮೆ ಹೆಸರಿಗಷ್ಟೇ ಉಳಿದಿದೆ.

ಹಾಗಾದರೆ ಕರಾರು, ರಸೀದಿ ಯಾವುದೂ ಬೇಡವೇ? ಬೇಕು. ವ್ಯಾಪಾರ, ವೃತ್ತಿಯ ಆದಾಯವಿಲ್ಲದ ಸಂಬಳದಾರರು ಪ್ರತಿವರ್ಷ ಪದ್ಧತಿಯನ್ನು ಬದಲಿಸಬಹುದು, ಈ ವರ್ಷ ಬೇಡವಾದ ಲೆಕ್ಕ ಮುಂದೊಮ್ಮೆ ಬೇಕಾಗಬಹುದು. ಕಚೇರಿಗೆ ಕೊಡಲು ಮರೆತಿದ್ದರೂ ಗಡುವಿನೊಳಗೆ ರಿಟರ್ನ್ಸ್ ಸಲ್ಲಿಸುವಾಗ ಕೇಳಲು ಅಡ್ಡಿಯಿಲ್ಲ. ಬಾಡಿಗೆಯನ್ನು ಬ್ಯಾಂಕ್ ಮೂಲಕವೇ ಕೊಡುವುದು ಇದಕ್ಕಾಗಿಯೇ ಒಳ್ಳೆಯದು. ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ಬೇಕು, ಅದನ್ನು ಕೊಡಲು ಹಿಂಜರಿಯುವವರು ಕಡಿಮೆಯಿಲ್ಲ. ಮಾಲೀಕರ ಬಾಡಿಗೆ ಆದಾಯದಲ್ಲಿ ಶೇ 30 ಯಾವ ದಾಖಲೆಯೂ ಇಲ್ಲದೆ ಕಡಿತವಾಗುತ್ತದೆ ಎಂದು ತಿಳಿಸಿದರೆ ಆ ಭಯ ಕೊಂಚ ಇಳಿಯಬಹುದು. ಈ ಮಾತನ್ನು ಅಡ್ವಾನ್ಸ್ ಕೊಟ್ಟ ಮೇಲಲ್ಲ, ಕೊಡುವ ಮೊದಲೇ ಆಡಬೇಕು. ಕಟ್ಟದ ಬಾಡಿಗೆಗೆ ಸುಳ್ಳು ರಸೀದಿ ಬರೆಸುವ ಚಾಳಿಯಂತೂ ದುಬಾರಿ, ತಪ್ಪು ಮಾಹಿತಿ ಕೊಟ್ಟು ತಪ್ಪಿಸಿದ ತೆರಿಗೆಯ ಎರಡು ಪಟ್ಟು ದಂಡ ಬೀಳಬಹುದು. ಬೆಂಗಳೂರಿನಲ್ಲಿ ‘ಲೀಸ್’ಗೆ ಮನೆ ಹಿಡಿಯುವವರ ಸ್ಥಿತಿಯೇ ಬೇರೆ: ದೊಡ್ಡ ಮೊತ್ತವನ್ನು ಮಾಲೀಕರ ಬಳಿ ಇಟ್ಟು ತಿಂಗಳ ಬಾಡಿಗೆಯಿಲ್ಲದೆ ಇರುವುದರಿಂದ ಅವರಿಗೆ ಕೇಳಲು ಏನೂ ಇರುವುದಿಲ್ಲ. ಎಚ್‌ಆರ್‌ಎಯೇ ಇಲ್ಲದ ನೌಕರರಿಗೂ ಸ್ವಂತ ಉದ್ಯೋಗದವರಿಗೂ ಹಳೆಯ ಪದ್ಧತಿಯಲ್ಲಿ 80ಜಿಜಿ ಎಂಬ ದಾರಿಯಿದೆ, ಆದರೆ ಅದರ ಮಿತಿ ತಿಂಗಳಿಗೆ 5 ಸಾವಿರ. ಆ ಹಣಕ್ಕೆ ಇಂದು ಬೆಂಗಳೂರಿನಲ್ಲಿ ಒಂಟಿ ಕೋಣೆ ಸಿಗುವುದೂ ಕಷ್ಟ.